ಮನಸ್ಸಿನ ಭಾರ ಮತ್ತು ಆಪ್ತ ಸಲಹೆ

(ಶತಮಾನೋತ್ಸವದ ನಿಮಿತ್ತ ಗುಳೇದಗುಡ್ಡದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಒಂದು ದೇವಾಲಯದ ನೂರು ವರ್ಷಗಳನ್ನು ಸ್ಮರಿಸುವಾಗ ನಾವು ಸಾಮಾನ್ಯವಾಗಿ ಅದರ ಕಟ್ಟಡವನ್ನೂ ಗಂಟೆಯನ್ನೂ ಅಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ಸ್ಮರಿಸುತ್ತೇವೆ. ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳನ್ನು ತೆರೆದು ನೋಡುತ್ತೇವೆ. ಆದರೆ ಈ ನೂರು ವರ್ಷಗಳಲ್ಲಿ ದೇವಾಲಯದ ಬಾಗಿಲಿಗೆ ಬಂದವರು ತಮ್ಮ ಎದೆಯೊಳಗೆ ಹೊತ್ತು ತಂದ ಚಿಂತೆಗಳ ಲೆಕ್ಕವನ್ನು ಯಾವ ಪುಸ್ತಕದಲ್ಲಿಯೂ ಬರೆದಿಟ್ಟಿಲ್ಲ. ಆ ಬರೆಯದ ಲೆಕ್ಕದ ವಿಷಯವಾಗಿಯೇ ಇಂದು ನಾವು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬಯಸುತ್ತೇವೆ. ನಿತ್ಯದ ಒತ್ತಡವೂ ಬದುಕಿನ ತಿರುವುಗಳೂ ಮನಸ್ಸನ್ನು ಕುಗ್ಗಿಸಿದಾಗ, ದೂರವಾಣಿಯ ಅಥವಾ ಅಂತರಜಾಲದ ಮೂಲಕ ತರಬೇತಿ ಪಡೆದವರೊಬ್ಬರೊಡನೆ ಕೆಲವೇ ಸಲ ಮಾತನಾಡಿ ದಾರಿ ಕಂಡುಕೊಳ್ಳುವ ಕ್ರಮವೊಂದು ಈಗ ನಮ್ಮ ಕೈಗೆಟುಕುವಂತಿದೆ. ಅದು ಏನು, ಏನಲ್ಲ, ಅದು ನಮ್ಮ ಮನೆಗಳಲ್ಲಿ ಸಾಧ್ಯವಾಗಬೇಕಾದರೆ ನಾವು ಏನು ಮಾಡಬೇಕು ಎಂಬುದೇ ಈ ಭಾಷಣದ ವಸ್ತು.

ಗುಳೇದಗುಡ್ಡದಲ್ಲಿ ಚಿಂತೆಯ ಕಾರಣಗಳನ್ನು ಹುಡುಕುತ್ತ ದೂರ ಹೋಗಬೇಕಾಗಿಲ್ಲ. ಇಳಕಲ್ ಸೀರೆ ಉಟ್ಟವಳಿಗೆ ಗುಳೇದಗುಡ್ಡದ ಖಣದ ಕುಪ್ಪಸವೇ ಜೊತೆ ಎಂಬುದು ಉತ್ತರ ಕರ್ನಾಟಕದಿಂದ ಮಹಾರಾಷ್ಟ್ರದವರೆಗೆ ನಡೆದುಬಂದ ರೂಢಿ. ಕಾಲಕ್ರಮದಲ್ಲಿ ಉಡುಪಿನ ರೀತಿ ಬದಲಾಯಿತು. ವಿದ್ಯುತ್ ಮಗ್ಗಗಳು ಬಂದವು. ಕುಣಿಮಗ್ಗಗಳ ಸದ್ದು ಓಣಿ ಓಣಿಯಲ್ಲಿಯೂ ಕಡಿಮೆಯಾಗುತ್ತ ಬಂದಿತು. 2020ರ ಲಾಕ್‌ಡೌನಿನಲ್ಲಿ ಸಂತೆ, ಜಾತ್ರೆ, ಮದುವೆಗಳು ನಿಂತುಹೋದಾಗ ನೇಕಾರಿಕೆಯನ್ನೇ ನಂಬಿದ ಕುಟುಂಬಗಳು ಪಟ್ಟ ಪಾಡು ನಮಗೆಲ್ಲ ತಿಳಿದದ್ದೇ. ಪಕ್ಕದಲ್ಲಿಯೇ ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಡೆಯಾಗಿ, ತಲೆತಲಾಂತರದ ಮನೆಗಳನ್ನು ಬಿಟ್ಟವರು ನವನಗರದಲ್ಲಿ ಹೊಸ ಬದುಕು ಕಟ್ಟಿಕೊಳ್ಳಬೇಕಾಯಿತು. 2009ರಲ್ಲಿಯೂ 2019ರ ಆಗಸ್ಟಿನಲ್ಲಿಯೂ ಮಲಪ್ರಭೆ ಉಕ್ಕಿ ಬಾದಾಮಿ ಸೀಮೆಯ ಹಳ್ಳಿಗಳು ನೀರು ಪಾಲಾದವು. ದುಡಿಮೆಗಾಗಿ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೇ ಹೋಗುವ ಕುಟುಂಬಗಳು ಇಂದಿಗೂ ಇವೆ. ಗುಳೇ ಎಂಬ ಮಾತು ಈ ಊರಿನ ಹೆಸರಿನಲ್ಲಿಯೇ ಕೇಳಿಸುತ್ತದೆ.

ಇವೆಲ್ಲ ದೊಡ್ಡ ತಿರುವುಗಳಾದವು. ಚಿಕ್ಕವೂ ಇವೆ. ಮಗಳು ಗಂಡನ ಮನೆಗೆ ಹೋದ ಮೇಲೆ ಬರಿದಾದ ಮನೆ, ಪರೀಕ್ಷೆಯಲ್ಲಿ ನಪಾಸಾದ ಹುಡುಗ, ಹೆರಿಗೆಯಾದ ಮೇಲೆ ಕಾರಣವಿಲ್ಲದೆ ಅಳುವ ಬಾಣಂತಿ, ನೌಕರಿಯಿಂದ ನಿವೃತ್ತರಾಗಿ ಹೊತ್ತು ಹೋಗದೆ ಕುಳಿತ ಹಿರಿಯರು, ತಿಂಗಳ ಕೊನೆಗೆ ಸಾಲದ ಕಂತು ನೆನೆದು ನಿದ್ರೆಗೆಡುವ ಯಜಮಾನ. ಇವರಲ್ಲಿ ಹೆಚ್ಚಿನವರು ರೋಗಿಗಳಲ್ಲ. ಬದುಕು ದಿಕ್ಕು ಬದಲಿಸಿದಾಗ ಯಾರಿಗಾದರೂ ಆಗುವ ಆಯಾಸ ಇವರಿಗೆ ಆಗಿದೆ. ಆದರೆ ಹೊತ್ತು ಮೀರಿದರೆ ಈ ಆಯಾಸವೇ ರೋಗಕ್ಕೆ ದಾರಿಯಾಗಬಲ್ಲದು, ಕುಡಿತಕ್ಕೆ ನೆಪವಾಗಬಲ್ಲದು, ಕೆಲವೊಮ್ಮೆ ಜೀವಕ್ಕೇ ಎರವಾಗಬಲ್ಲದು.

ನಮ್ಮ ಜನ ಈ ಭಾರವನ್ನು ಮನಸ್ಸಿನ ಹೆಸರಿನಲ್ಲಿ ಹೇಳುವುದು ಅಪರೂಪ. ‘ಎದಿ ಭಾರ ಆಗೇತ್ರಿ’, ‘ಕೈಕಾಲಾಗ ತ್ರಾಣ ಇಲ್ಲ’, ‘ನಿದ್ದಿ ಹತ್ತವಲ್ದು’ ಎಂದು ದೇಹದ ಹೆಸರಿನಲ್ಲಿ ಹೇಳುತ್ತಾರೆ. ದವಾಖಾನೆಗೆ ಹೋಗಿ ಒಂದು ಸಲಾಯಿನ್ ಹಚ್ಚಿಸಿಕೊಂಡು ಬರುತ್ತಾರೆ. ಎರಡು ದಿನ ಹಗುರವೆನಿಸಿ ಮೂರನೆಯ ದಿನ ಭಾರ ಮರಳುತ್ತದೆ. ಮನಸ್ಸಿನ ಮಾತೆತ್ತಿದರೆ ‘ಹುಚ್ಚು ಹಿಡದೈತಿ’ ಎಂದಾರು, ಮಗಳಿಗೆ ಬರುವ ಸಂಬಂಧ ತಪ್ಪೀತು ಎಂಬ ಅಂಜಿಕೆ ಬಾಯಿ ಕಟ್ಟುತ್ತದೆ. ಹೀಗೆ ಸಕಾಲದಲ್ಲಿ ಆಡಬೇಕಾದ ಮಾತು ಆಡದೆ ಉಳಿಯುತ್ತದೆ.

ಆಡದೆ ಉಳಿದ ಮಾತಿನ ಬೆಲೆ ಎಷ್ಟೆಂಬುದನ್ನು ಒಂದು ಚಾರಿತ್ರಿಕ ಪ್ರಸಂಗ ತಿಳಿಸುತ್ತದೆ. ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ಸಭೆಯ ಚಾಡ್ ವರಾ ಎಂಬ ತರುಣ ಗುರುಗಳು 1935ರಲ್ಲಿ ತಮ್ಮ ಸೇವೆಯ ಆರಂಭದಲ್ಲಿಯೇ ಹದಿಹರೆಯದ ಬಾಲಕಿಯೊಬ್ಬಳ ಅಂತ್ಯಕ್ರಿಯೆ ನಡೆಸಬೇಕಾಯಿತು. ಮೊದಲ ಬಾರಿಗೆ ಮುಟ್ಟಾದಾಗ ತನಗೆ ಹೇಳಬಾರದ ರೋಗ ತಗಲಿತೆಂದು ಬಗೆದು ಆ ಮಗು ಪ್ರಾಣ ಕಳೆದುಕೊಂಡಿತ್ತು. ಕೇಳಿ ತಿಳಿಯಲು ಅವಳಿಗೆ ಒಬ್ಬರಾದರೂ ಇದ್ದಿದ್ದರೆ ಆ ಸಾವು ಸಂಭವಿಸುತ್ತಿರಲಿಲ್ಲ. ಆ ನೋವನ್ನು ಮರೆಯದ ವರಾ ಅವರು 1953ರಲ್ಲಿ ಲಂಡನ್ನಿನ ಸಂತ ಸ್ಟೀಫನ್ ವಾಲ್‌ಬ್ರೂಕ್ ದೇವಾಲಯದಲ್ಲಿ ಒಂದು ದೂರವಾಣಿಯನ್ನಿಟ್ಟು, ಬಾಳು ಬೇಡವೆನಿಸಿದವರು ಯಾರೇ ಆಗಲಿ ಕರೆ ಮಾಡಬಹುದೆಂದು ಪ್ರಕಟಿಸಿದರು. ‘ಸಮಾರಿಟನ್ಸ್’ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಗುರುಗಳನ್ನು ಕಾಣಲು ಕಾದು ಕುಳಿತವರಿಗೆ ಚಹಾ ಕೊಟ್ಟು ಮಾತನಾಡಿಸಲು ಕೆಲವು ಸ್ವಯಂಸೇವಕರಿದ್ದರು. ಅವರೊಡನೆ ಮಾತನಾಡಿಯೇ ಎಷ್ಟೋ ಮಂದಿ ಸಮಾಧಾನ ಹೊಂದಿ, ಗುರುಗಳನ್ನು ಕಾಣದೆಯೇ ಹಿಂದಿರುಗುತ್ತಿದ್ದರು. ಇದನ್ನು ಗಮನಿಸಿದ ವರಾ ಅವರು 1954ರಲ್ಲಿ ಕರೆಗಳ ಹೊಣೆಯನ್ನು ಆ ಸ್ವಯಂಸೇವಕರಿಗೇ ಒಪ್ಪಿಸಿಬಿಟ್ಟರು. ಸಾವಧಾನದಿಂದ ಕಿವಿಗೊಡುವುದೇ ಒಂದು ಉಪಚಾರವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಕಿವಿಗೊಡುವುದರ ಜೊತೆಗೆ ದಾರಿ ಕಾಣಿಸಲು ನೆರವಾಗುವ ಕ್ರಮವೊಂದು ಅಮೆರಿಕದಲ್ಲಿ ರೂಪುಗೊಂಡಿತು. ಸ್ಟೀವ್ ಡಿ ಶೇಜರ್ ಮತ್ತು ಕೊರಿಯಾ ದೇಶದಲ್ಲಿ ಹುಟ್ಟಿದ ಅವರ ಪತ್ನಿ ಇನ್ಸೂ ಕಿಮ್ ಬರ್ಗ್ ಅವರು 1978ರಲ್ಲಿ ಮಿಲ್ವಾಕಿ ನಗರದಲ್ಲಿ ಸಂಗಡಿಗರೊಡನೆ ಒಂದು ಕುಟುಂಬ ಸಲಹಾ ಕೇಂದ್ರವನ್ನು ಸ್ಥಾಪಿಸಿದರು. ಬಂದವರ ಹಳೆಯ ಕಥೆಯನ್ನೆಲ್ಲ ಬುಡದಿಂದ ಅಗೆಯುತ್ತ ವರ್ಷಗಟ್ಟಲೆ ಕುಳಿತುಕೊಳ್ಳುವ ಪದ್ಧತಿಗೆ ಬದಲಾಗಿ, ಅವರ ಬದುಕಿನಲ್ಲಿ ಇನ್ನೂ ಸರಿಯಾಗಿ ನಡೆಯುತ್ತಿರುವುದು ಯಾವುದು, ಅದನ್ನು ಹೇಗೆ ಬೆಳೆಸಬಹುದು ಎಂದು ವಿಚಾರಿಸುವುದು ಅವರ ಕ್ರಮ. ಮೂರು, ನಾಲ್ಕು, ಹೆಚ್ಚೆಂದರೆ ಆರೆಂಟು ಭೇಟಿಗಳಲ್ಲಿ ಕೆಲಸ ಮುಗಿಯುತ್ತದೆ. ಕೆಲವರಿಗೆ ಒಂದೇ ಭೇಟಿ ಸಾಕಾಗುವುದೂ ಉಂಟು. ಇದನ್ನು ಪರಿಹಾರ ಕೇಂದ್ರಿತ ಅಲ್ಪಾವಧಿ ಆಪ್ತ ಸಲಹೆ ಎನ್ನಬಹುದು. ಹೆಸರು ಉದ್ದವಾದರೂ ತತ್ತ್ವ ನೇಕಾರರಿಗೆ ಹೊಸದೇನಲ್ಲ. ಹಾಸಿನ ಎಳೆಯೊಂದು ಹರಿದರೆ ನಾವು ಇಡೀ ಹಾಸನ್ನು ಕಿತ್ತೆಸೆಯುವುದಿಲ್ಲ. ಗಟ್ಟಿಯಾಗಿ ಉಳಿದ ಎರಡು ತುದಿಗಳನ್ನು ಹುಡುಕಿ, ಹೊಸೆದು ಕೂಡಿಸಿ, ಲಾಳಿಯನ್ನು ಮತ್ತೆ ಓಡಿಸುತ್ತೇವೆ.

ಈ ಸಂಭಾಷಣೆ ಹೇಗೆ ನಡೆಯುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸೋಣ. ಮಗ್ಗ ಮಾರಿ, ಬೇರೆಯವರ ಕಾರಖಾನೆಯಲ್ಲಿ ಕೂಲಿಗೆ ನಿಂತ ಐವತ್ತು ದಾಟಿದ ಗೃಹಸ್ಥರೊಬ್ಬರು ದೂರವಾಣಿಯಲ್ಲಿ ತಮ್ಮ ಬೇಸರವನ್ನು ತೋಡಿಕೊಂಡಿದ್ದಾರೆಂದು ಭಾವಿಸಿರಿ. ಸಲಹೆಗಾರ್ತಿ ಎಲ್ಲವನ್ನೂ ಕೇಳಿಸಿಕೊಂಡು, ‘ಹತ್ತು ಅಂದ್ರ ಮನಸು ಪೂರಾ ಹಗುರ, ಸೊನ್ನೆ ಅಂದ್ರ ಪೂರಾ ಕುಸಿದೈತಿ ಅಂತ ಇಟ್ಕೊಳ್ರಿ. ಈಗ ನೀವು ಎಷ್ಟರಾಗ ಅದೀರಿ?’ ಎನ್ನುತ್ತಾರೆ.

‘ಮೂರು ಅನ್ನಬಹುದ್ರಿ, ಅಕ್ಕಾರ.’

‘ಇಷ್ಟೆಲ್ಲಾ ತ್ರಾಸ ಇದ್ರೂ ಸೊನ್ನೆಕ್ಕ ಇಳೀಲಿಲ್ಲ. ಮೂರರಾಗ ಹಿಡಿದು ನಿಲ್ಲಿಸಿದ್ದು ಏನ್ರಿ?’

ಆತ ತುಸು ಹೊತ್ತು ಸುಮ್ಮನಿದ್ದು, ‘ಮುಂಜಾನೆ ಮೊಮ್ಮಗಳನ್ನ ಸಾಲಿಗೆ ಬಿಡಾಕ ಹೋಗ್ತೀನ್ರಿ. ಆ ಹಾದ್ಯಾಗ ಮನಸು ಜರಾ ಹಗುರ ಇರತೈತಿ’ ಎನ್ನುತ್ತಾರೆ.

‘ಮೂರು ಇದ್ದದ್ದು ನಾಲ್ಕು ಆತು ಅಂದ್ರ, ನೀವು ಹೇಳದನ ಮನ್ಯಾಗಿನವರಿಗೆ ಹೆಂಗ ಗೊತ್ತಾಗತೈತಿ?’

‘ರಾತ್ರಿ ಎಲ್ಲಾರ ಜೋಡಿ ಉಣ್ಣಾಕ ಕೂಡ್ತೀನ್ರಿ. ಈಗ ತಡಾ ಮಾಡಿ ಬಂದು ಒಬ್ಬಾವನ ಉಣ್ತೀನಿ.’

ಹಾಗಿದ್ದರೆ ಈ ವಾರದಲ್ಲಿ ಎರಡು ರಾತ್ರಿ ಎಲ್ಲರೊಡನೆ ಕುಳಿತು ಊಟ ಮಾಡುವುದೆಂದು ಇಬ್ಬರೂ ಒಪ್ಪಿಕೊಳ್ಳುತ್ತಾರೆ. ಮುಂದಿನ ವಾರ ಅದರಿಂದ ಏನಾಯಿತೆಂದು ವಿಚಾರಿಸಿ ಮುಂದಿನ ಹೆಜ್ಜೆಯನ್ನು ಗೊತ್ತುಮಾಡುತ್ತಾರೆ.

ಇಲ್ಲಿ ಸಲಹೆಗಾರ್ತಿ ಯಾವ ಉಪದೇಶವನ್ನೂ ಮಾಡಲಿಲ್ಲವೆಂಬುದನ್ನು ಗಮನಿಸಬೇಕು. ‘ಧೈರ್ಯ ತಗೊಳ್ರಿ, ಎಲ್ಲಾ ಸರಿ ಆಗತೈತಿ’ ಎಂಬ ಮಾತನ್ನು ನಾವೆಲ್ಲ ನೊಂದವರಿಗೆ ಹೇಳುತ್ತೇವೆ. ಹೇಳಿ ನಮ್ಮ ಮನಸ್ಸನ್ನು ನಾವೇ ಸಮಾಧಾನಪಡಿಸಿಕೊಳ್ಳುತ್ತೇವೆ. ಆಕೆಯಾದರೋ ಮೂರನ್ನು ಒಮ್ಮೆಲೇ ಹತ್ತು ಮಾಡಹೊರಡಲಿಲ್ಲ. ಪ್ರಶ್ನೆ ಕೇಳಿದಳು, ಉತ್ತರ ಆತನ ಬದುಕಿನಿಂದಲೇ ಬಂದಿತು. ಇದೇ ಕ್ರಮದಲ್ಲಿ ಪ್ರಸಿದ್ಧವಾದ ಇನ್ನೊಂದು ಪ್ರಶ್ನೆಯಿದೆ: ಈ ರಾತ್ರಿ ನೀವು ಮಲಗಿರುವಾಗ ಪವಾಡವೊಂದು ನಡೆದು ನಿಮ್ಮ ತೊಂದರೆ ನೀಗಿತೆಂದು ಊಹಿಸಿಕೊಂಡರೆ, ಬೆಳಿಗ್ಗೆ ಎದ್ದಾಗ ಮೊದಲು ಯಾವ ಗುರುತಿನಿಂದ ಅದು ನಿಮಗೆ ತಿಳಿದೀತು? ಪವಾಡವೆಂಬ ಮಾತನ್ನು ಇಲ್ಲಿ ನಮ್ಮ ಧರ್ಮಸಭೆ ಬಳಸುವ ಅರ್ಥದಲ್ಲಿ ತೆಗೆದುಕೊಳ್ಳಬೇಕಾಗಿಲ್ಲ. ನೊಂದವನು ತನಗೆ ಬೇಕಾದ ಬದುಕಿನ ಒಂದು ಸಣ್ಣ ಗುರುತನ್ನು ತಾನೇ ಹೆಸರಿಸಲಿ ಎಂಬುದಷ್ಟೇ ಅದರ ಉದ್ದೇಶ.

ಹೀಗೆ ಹೇಳುವಾಗ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಮಾತಿನಿಂದ ಸಾಲ ತೀರೀತೇ? ಖಣಕ್ಕೆ ನ್ಯಾಯವಾದ ಬೆಲೆ ಬಂದೀತೇ? ಖಂಡಿತವಾಗಿ ಇಲ್ಲ. ಕೂಲಿಯ ಪ್ರಶ್ನೆಗೆ ಕೂಲಿಯೇ ಉತ್ತರ, ಮುಳುಗಡೆಗೆ ಪರಿಹಾರಧನವೇ ಉತ್ತರ. ಆ ಹೋರಾಟಗಳ ಸ್ಥಾನದಲ್ಲಿ ಆಪ್ತ ಸಲಹೆಯನ್ನು ಕೂರಿಸುವವರು ಬಡವನಿಗೆ ಅನ್ಯಾಯ ಮಾಡುತ್ತಾರೆ. ಆದರೆ ನಾಲ್ಕು ರಾತ್ರಿ ನಿದ್ರೆ ಕಂಡವನಿಗೆ ಬ್ಯಾಂಕಿನ ಮುಂದೆ ನಿಂತು ಮಾತನಾಡುವ ಕಸುವು ಬರುತ್ತದೆ; ಸಹಕಾರಿ ಸಂಘದ ಸಭೆಗೆ ಹೋಗುವ ಮನಸ್ಸಾಗುತ್ತದೆ; ಹೆಂಡತಿ ಮಕ್ಕಳ ಮೇಲೆ ಕೈಯೆತ್ತುವ ಮೊದಲು ಒಂದು ಕ್ಷಣ ತಡೆಯುವ ವಿವೇಕ ಮೂಡುತ್ತದೆ. ಇಷ್ಟನ್ನು ಮಾತು ಮಾಡಬಲ್ಲದು.

ಇದು ಪರದೇಶದ ಸರಕು, ನಮ್ಮ ಹಳ್ಳಿಗಳಿಗೆ ಒಗ್ಗದೆಂಬ ಶಂಕೆಯೂ ಬೇಡ. ಮಾನಸಿಕ ಆರೋಗ್ಯವನ್ನು ದೊಡ್ಡ ಆಸ್ಪತ್ರೆಗಳಿಂದ ಹಳ್ಳಿಗಳಿಗೆ ತಂದ ಪ್ರಯೋಗ ನಡೆದದ್ದು ನಮ್ಮ ನಾಡಿನಲ್ಲಿಯೇ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದ ಮೇಲೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನೋರೋಗಗಳಿಗೆ ಅಲ್ಲಿಯೇ ಚಿಕಿತ್ಸೆ ದೊರೆಯುವಂತೆ ಮಾಡಿತು. ಆ ಮಾದರಿಯನ್ನನುಸರಿಸಿ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಪ್ರಾರಂಭವಾಯಿತು. ನಮ್ಮವರು ಗುಳೇ ಹೋಗುವ ಗೋವೆಯಲ್ಲಿ ‘ಸಂಗಾತ್’ ಎಂಬ ಸಂಸ್ಥೆ ನಡೆಸಿದ ಅಧ್ಯಯನವೂ ಉಲ್ಲೇಖಾರ್ಹ. ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿಯಿತ್ತು, ಖಿನ್ನತೆಯಿಂದ ಬಳಲುವವರೊಡನೆ ಆರರಿಂದ ಎಂಟು ಭೇಟಿಗಳಲ್ಲಿ ಮಾತುಕತೆ ನಡೆಸುವಂತೆ ಮಾಡಲಾಯಿತು. ಅವರ ಕ್ರಮ ನಾವು ಮೇಲೆ ವಿವರಿಸಿದ ಕ್ರಮಕ್ಕಿಂತ ಬೇರೆಯಾದರೂ ಅದೂ ಅಲ್ಪಾವಧಿಯದೇ. ಅದರಿಂದ ಖಿನ್ನತೆಯ ತೀವ್ರತೆ ಕಡಿಮೆಯಾಯಿತೆಂದು 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು.

2020ರಲ್ಲಿ ಮಹಾಮಾರಿ ಬಂದಾಗ ಎದುರುಬದುರು ಕುಳಿತು ಮಾತನಾಡುವುದೇ ಅಸಾಧ್ಯವಾಯಿತು. ಆ ಮಾರ್ಚ್ ತಿಂಗಳಿನಲ್ಲಿಯೇ ಕೇಂದ್ರ ಸರಕಾರವು ದೂರವೈದ್ಯಕೀಯಕ್ಕೆ ನಿಯಮಾವಳಿಯನ್ನು ಹೊರಡಿಸಿತು. ದೂರವಾಣಿಯ ಸಲಹೆ ಅನಿವಾರ್ಯವಾಗಿ ಬೆಳೆಯಿತು. ಆ ಅನುಭವದ ಹಿನ್ನೆಲೆಯಲ್ಲಿ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ‘ಟೆಲಿ ಮಾನಸ್’ ಎಂಬ ರಾಷ್ಟ್ರೀಯ ಸೇವೆ ಪ್ರಾರಂಭವಾಯಿತು. ಇದರ ರಾಷ್ಟ್ರೀಯ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. 14416 ಎಂಬ ಸಂಖ್ಯೆಗೆ ಹಗಲುರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡಬಹುದು. ಹಣ ಕೊಡಬೇಕಾಗಿಲ್ಲ. ಮೊದಲು ತರಬೇತಿ ಪಡೆದ ಸಲಹೆಗಾರರು ಮಾತನಾಡುತ್ತಾರೆ. ಅಗತ್ಯವೆನಿಸಿದರೆ ಮನೋವೈದ್ಯರಿಗೆ ಅಥವಾ ಹತ್ತಿರದ ಆಸ್ಪತ್ರೆಗೆ ಒಪ್ಪಿಸುತ್ತಾರೆ. 2024ರ ಅಕ್ಟೋಬರಿನಲ್ಲಿ ಇದರ ಮೊಬೈಲ್ ಆ್ಯಪ್ ಬಿಡುಗಡೆಯಾಯಿತು. ಹಗಲುರಾತ್ರಿ ಪಾಳಿಯಲ್ಲಿ ನಡೆಯುವ ಸೇವೆಯಾದ್ದರಿಂದ ಪ್ರತಿ ಸಲವೂ ಒಬ್ಬರೇ ಸಿಗುತ್ತಾರೆಂದು ನಿರೀಕ್ಷಿಸಬಾರದು. ಒಬ್ಬರೊಡನೆಯೇ ಹಲವು ವಾರ ಮಾತು ಮುಂದುವರಿಸಬೇಕೆಂಬವರು ವಿಡಿಯೋ ಮೂಲಕ ಸಲಹೆ ನೀಡುವ ಅರ್ಹ ಸಲಹೆಗಾರರನ್ನು ಹುಡುಕಿಕೊಳ್ಳಬೇಕಾಗುತ್ತದೆ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಸೇರಿಸಬೇಕು. ಅಂತರಜಾಲದಲ್ಲಿ ಸಲಹೆಗಾರರೆಂದು ಹೇಳಿಕೊಳ್ಳುವವರೆಲ್ಲ ಸಲಹೆಗಾರರಲ್ಲ. ಅವರ ವಿದ್ಯಾರ್ಹತೆಯನ್ನು ನಿಸ್ಸಂಕೋಚವಾಗಿ ಕೇಳಿರಿ. ಎಷ್ಟು ಭೇಟಿಗಳು, ಎಷ್ಟು ಶುಲ್ಕ ಎಂಬುದನ್ನು ಮೊದಲೇ ತಿಳಿದುಕೊಳ್ಳಿರಿ. ಒಟಿಪಿ, ಬ್ಯಾಂಕ್ ಖಾತೆಯ ವಿವರ ಕೇಳಿದವರ ಕರೆಯನ್ನು ಅಲ್ಲಿಗೇ ನಿಲ್ಲಿಸಿರಿ. ಇದಲ್ಲದೆ, ಅಲ್ಪಾವಧಿಯ ಮಾತುಕತೆ ಎಲ್ಲಕ್ಕೂ ಮದ್ದಲ್ಲ. ಇಲ್ಲದ ದನಿ ಕೇಳಿಸುವುದು, ವಾರಗಟ್ಟಲೆ ಅನ್ನನಿದ್ರೆ ಬಿಟ್ಟು ಕುಳಿತಿರುವುದು, ಮದ್ಯವಿಲ್ಲದೆ ಮೈ ನಡುಗುವುದು, ಇವಕ್ಕೆ ವೈದ್ಯರೇ ಬೇಕು. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೋ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗೋ ಕರೆದೊಯ್ಯಬೇಕು. ಸಾಯುವ ಮಾತನ್ನು ಯಾರಾದರೂ ಆಡಿದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ, ಅವರನ್ನು ಒಂಟಿಯಾಗಿ ಬಿಡದೆ, 14416ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ಕೂಡಲೇ ಕರೆ ಮಾಡಬೇಕು. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಕ್ಕಳಿಗೆ 181, ಆಪತ್ತಿನಲ್ಲಿರುವ ಮಕ್ಕಳಿಗೆ 1098 ಎಂಬ ಸಹಾಯವಾಣಿಗಳಿವೆ.

ಕಥೋಲಿಕರಾದ ನಮ್ಮಲ್ಲಿ ಕೆಲವರು, ಪಾಪನಿವೇದನೆಯ ಸಂಸ್ಕಾರವಿರುವಾಗ ಇದೇಕೆ ಎಂದು ಕೇಳಬಹುದು. ಎರಡರ ಕ್ಷೇತ್ರಗಳೂ ಬೇರೆ. ಪಾಪನಿವೇದನೆಯಲ್ಲಿ ನಾವು ನಮ್ಮ ಪಾಪಗಳನ್ನು ಅರಿಕೆ ಮಾಡಿ ಕ್ಷಮೆ ಪಡೆಯುತ್ತೇವೆ. ಚಿಂತೆಯಾದರೋ ಪಾಪವಲ್ಲ, ನಿದ್ರೆ ಬಾರದಿರುವುದಕ್ಕೆ ಕ್ಷಮೆ ಬೇಡಬೇಕಾಗಿಲ್ಲ. ಪಾಪನಿವೇದನೆಯ ಗುಟ್ಟನ್ನು ಗುರುಗಳು ಯಾವ ಕಾರಣಕ್ಕೂ ಮುರಿಯುವಂತಿಲ್ಲ. ಆಪ್ತ ಸಲಹೆಗಾರರೂ ಗುಟ್ಟನ್ನು ಕಾಯುತ್ತಾರೆ. ಮನೋವೈದ್ಯಕೀಯ ಸೇವೆಯಲ್ಲಿ ಗೋಪ್ಯತೆ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಕೊಟ್ಟ ಹಕ್ಕು. ಆದರೆ ಜೀವಕ್ಕೆ ಅಪಾಯವಿದೆಯೆಂದು ಕಂಡಾಗ ಅದನ್ನು ತಡೆಯಲು ಬೇಕಾದಷ್ಟನ್ನು ಅವರು ಸಂಬಂಧಪಟ್ಟವರಿಗೆ ತಿಳಿಸಬಹುದು. ಒಂದು ಇನ್ನೊಂದರ ಜಾಗವನ್ನು ಕಸಿದುಕೊಳ್ಳುವುದಿಲ್ಲ. ಜ್ವರ ಬಂದಾಗ ಪ್ರಾರ್ಥನೆಯನ್ನೂ ಮಾಡುತ್ತೇವೆ, ವೈದ್ಯರ ಬಳಿಗೂ ಹೋಗುತ್ತೇವಷ್ಟೇ.

ಕೊನೆಯದಾಗಿ, ಈ ಭಾಷಣದ ನಿಜವಾದ ಬಿನ್ನಹಕ್ಕೆ ಬರುತ್ತೇವೆ. ಸಂಖ್ಯೆಯನ್ನು ಗೋಡೆಯ ಮೇಲೆ ಬರೆದುಬಿಡುವುದು ಸುಲಭ. ಆದರೆ ಕರೆ ಮಾಡಬೇಕಾದವಳು ಎಲ್ಲಿ ಕುಳಿತು ಮಾತನಾಡಬೇಕು? ಮಗ್ಗದ ಮನೆಯಲ್ಲಿ ಇರುವುದು ಒಂದೋ ಎರಡೋ ಕೋಣೆ. ಅಲ್ಲಿಯೇ ಅತ್ತೆ ಕಂಡಿಕೆ ಸುತ್ತುತ್ತಾರೆ, ಅಲ್ಲಿಯೇ ಮಾವ ನೇಯುತ್ತಾರೆ, ಅಲ್ಲಿಯೇ ಮಕ್ಕಳು ಓದುತ್ತಾರೆ. ಎಷ್ಟೋ ಮನೆಗಳಲ್ಲಿ ಮೊಬೈಲ್ ಗಂಡನ ಅಂಗಿಯ ಜೇಬಿನಲ್ಲಿರುತ್ತದೆ. ಸೊಸೆ ಅದನ್ನು ಕೇಳಿದರೆ ‘ಯಾರಿಗೆ?’ ಎಂಬ ಪ್ರಶ್ನೆ ಬರುತ್ತದೆ. ಮಾತನಾಡಿ ಮುಗಿಸಿದರೆ ‘ಏನಂದಿ?’ ಎಂಬ ಪ್ರಶ್ನೆ ಬರುತ್ತದೆ. ಈ ಎರಡು ಪ್ರಶ್ನೆಗಳ ನಡುವೆ ಸಿಲುಕಿದವಳಿಗೆ ದಿಲ್ಲಿ, ಬೆಂಗಳೂರುಗಳ ಏರ್ಪಾಡು ಯಾವುದೂ ಉಪಯೋಗಕ್ಕೆ ಬಾರದು.

ಆದ್ದರಿಂದ ನಾವು ಮೂರು ಸಂಗತಿಗಳನ್ನು ಕೋರುತ್ತೇವೆ. ಮೊದಲನೆಯದು, ಪ್ರತಿ ಮನೆಯಲ್ಲಿಯೂ ವಾರಕ್ಕೆ ಅರ್ಧ ಗಂಟೆಯಾದರೂ ಮನೆಯ ಹೆಣ್ಣುಮಕ್ಕಳಿಗೆ ಮೊಬೈಲನ್ನು ಯಾವ ಪ್ರಶ್ನೆಯೂ ಇಲ್ಲದೆ ಕೊಡುವ ರೂಢಿ ಬರಲಿ. ಎರಡನೆಯದು, ನೂರು ತುಂಬಿದ ಈ ಧರ್ಮಕೇಂದ್ರದಲ್ಲಿ ಒಂದು ಚಿಕ್ಕ ಕೋಣೆ, ಒಂದು ಕುರ್ಚಿ, ಒಂದು ದೂರವಾಣಿ ಇರಲಿ. ಜಾತಿಮತ ಕೇಳದೆ ಯಾರಾದರೂ ಬಂದು, ಬಾಗಿಲು ಮುಚ್ಚಿಕೊಂಡು ಮಾತನಾಡಿ ಹೋಗಲಿ. ಬಂದವರ ಹೆಸರನ್ನು ಯಾವ ಪುಸ್ತಕದಲ್ಲಿಯೂ ಬರೆಯದಿರೋಣ. ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು: ಆ ಕೋಣೆಯಿಂದ ಹೊರಬಂದವರನ್ನು ಕಂಡಾಗ ನಾವು ಓಣಿಯಲ್ಲಿ ಮಾತು ಬೆಳೆಸದಿರೋಣ. ಊರವರು ಬಾಯಿ ಮುಚ್ಚಿಕೊಂಡರೆ ನೊಂದವರು ಬಾಯಿ ತೆರೆದಾರು.

ಈ ಮೂರಕ್ಕೂ ಹೆಚ್ಚಿನ ಹಣ ಬೇಡ. ಶತಮಾನೋತ್ಸವದ ಮಂಟಪ ಮುಂದಿನ ವಾರ ಬಿಚ್ಚಲ್ಪಡುತ್ತದೆ, ದೀಪಾಲಂಕಾರ ಇಳಿಯುತ್ತದೆ. ಆ ಕೋಣೆ ಉಳಿದರೆ, ಎರಡನೆಯ ನೂರು ವರ್ಷಗಳು ಒಳ್ಳೆಯ ರೀತಿಯಲ್ಲಿ ಆರಂಭವಾದಂತೆ.